ಪಾಪು ಮಂಕಾ ಅಂತ ಕೇಳಿದ್ದೀಯಲ್ಲ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿನ ಸುದ್ದಿ ನಿಮ್ಮಮ್ಮ ಹೇಳಿರುತ್ತಾಳೆ, ಬಿಡು. ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಎರಡು ತುಂಬಿದರೂ ನಾಲ್ಕು ಮಾತು ಬರಲ್ಲ, ಫ್ಲ್ಯಾಟಲ್ಲಿ ಕೂಡಿಹಾಕಿ ನಾವೇ ಪಾಪೂನ ಮಂಕು ಮಾಡ್ತಿದೀವಾ’ ಅಂತ. ಅದನ್ನು ಓದಿದಾಗಿನಿಂದ ನಿದ್ದೆ ಸರಿಯಾಗಿ ಹತ್ತಿಲ್ಲ.

ತಿ. ನರಸೀಪುರದ ಕಡೆ ಅಂಗನವಾಡಿಯಲ್ಲಿದ್ದಾಗ ಈ ಮಾತು ದಿನಾ ಕೇಳುತ್ತಿದ್ದೆ. (1975ರಲ್ಲಿ ರಾಜ್ಯದಲ್ಲೇ ಮೊದಲು ಅಂಗನವಾಡಿ ಶುರುವಾದ ತಾಲ್ಲೂಕು ಅಂತ ನಮಗೆ ಜಂಬ ಬೇರೆ.) ‘ಇದು ಸ್ವಲ್ಪ ಮಂಕು ಟೀಚರ್’ ಅಂತ ಹೇಳಿಯೇ ಒಬ್ಬಳನ್ನು ಬಿಟ್ಟುಹೋದರು. ಅವಳು ತುಟಿ ಬಿಚ್ಚುತ್ತಿರಲಿಲ್ಲ. ಉಳಿದ ಮಕ್ಕಳು ಅಂಗಡಿ ಆಟ ಆಡುತ್ತಿದ್ದವು. ಮರಳು ಸಕ್ಕರೆ, ಹೊಂಗೆ ಎಲೆ ದುಡ್ಡು. ಇವಳು ಬಾಗಿಲಲ್ಲಿ ನಿಂತು ನೋಡುವುದು, ಅಷ್ಟೇ. ಒಂದು ದಿನ ಅಂಗಡಿಯವನು ಎದ್ದುಹೋದ, ಇವಳು ಹೋಗಿ ಕೂತಳು. ಎಲೆ ಹಿಡಿದು ಗಿರಾಕಿ ಬಂದ. ಮರಳನ್ನು ಲಂಗದಲ್ಲಿ ಮುಚ್ಚಿಕೊಂಡು, ‘ಸಕ್ಕರೆ ಮುಗೀತು, ನಾಳೆ ಬಾ’ ಅಂದಳು! ಅವನಿಗೆ ಕಾಣದೇ ಇದ್ದರೆ ನಂಬುತ್ತಾನೆ ಅನ್ನುವ ಲೆಕ್ಕ ನೋಡು. ಅದನ್ನು ಚಾರ್ಟ್ ತೋರಿಸಿ ಕಲಿಸೋಕಾಗುತ್ತಾ?

ನನ್ನ ಹೊತ್ತೆಲ್ಲ ರಿಜಿಸ್ಟರ್ ಬರೆಯುವುದರಲ್ಲೇ ಹೋಯಿತು. ಆ ಅಂಗಡಿಗೆ ನಾನೂ ಗಿರಾಕಿಯಾಗಿ ಹೋಗಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಇರಲಿ.

ನಿನ್ನ ಪಾಪು ಮಂಕಲ್ಲ ಅಂತ ಇಲ್ಲಿ ಕೂತು ಬರೆದುಬಿಡಬಹುದು. ಸುಮ್ನೆ ಸಮಾಧಾನಕ್ಕೆ ಹಾಗೆ ಹೇಳಲು ಮನಸ್ಸಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸು. ಸರಿಯಾಗಿ ಕೇಳಿಸದಿದ್ದರೆ ಮಾತು ಎಲ್ಲಿಂದ ಬರಬೇಕು? ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಹಾಗೆ ತೋರಿಸಿದರೆ ಮಗುವಿಗೆ ಕೆಟ್ಟ ಹೆಸರು ಬರುತ್ತದೆ ಅಂತ ನಿಮ್ಮತ್ತೆ ಅಂದರೆ ನನ್ನ ಹತ್ತಿರ ಮಾತಾಡಲಿ.

ಫೋನಲ್ಲಿ ಹಾಡು, ಅಕ್ಷರ ಎಲ್ಲಾ ಹಾಕುತ್ತೇವೆ ಅಂದೆ. ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಅನ್ನುವ ಸಂಶೋಧಕರು ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿ ನೋಡಿದ್ದರು, 2003ರಲ್ಲಿ ಪ್ರಕಟವಾಯಿತು. ಎದುರಿಗೆ ಕೂತು ಆಟ ಆಡಿಸುತ್ತಾ ಮಾತಾಡಿದರೆ ಆ ಭಾಷೆಯ ಸದ್ದುಗಳನ್ನು ಗುರುತಿಸಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಟಿವಿ ತಿರುಗಿ ಓಗೊಡುವುದಿಲ್ಲವಲ್ಲ.

ಹಾಗಾಗಿ ಮನೆಯಲ್ಲಿ ಮೂರೇ ಜನ ಅಂತ ಕೊರಗಬೇಡ. ಪಾಪು ‘ಆ’ ಅಂದರೆ ನೀನೂ ಏನಾದರೂ ಅನ್ನು, ಮತ್ತೆ ಅದರ ಸರದಿಗೆ ಕಾಯಿ. ಸಂಜೆ ಕೆಳಗೆ ಮಕ್ಕಳು ಆಡುವಲ್ಲಿ ಬಿಡು, ಮಣ್ಣಾದರೆ ಆಗಲಿ. ಆಫೀಸು ಮುಗಿಸಿ ಬಂದವಳಿಗೆ ಇದೆಲ್ಲ ಹೇಳುವುದು ಸುಲಭ, ಗೊತ್ತು ಕಣೇ.

ಮೈಸೂರಿಗೆ ಯಾವತ್ತು ಬರ್ತೀಯ ಅಂತ ತಿಳಿಸು. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ
ದೊಡ್ಡಮ್ಮ