ಟೋಕನ್ ಕೊಡುವ ಮೊದಲು

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಬಾಗಲಗುಂಟೆಯಲ್ಲಿ ಫ್ಲ್ಯಾಟ್ ನೋಡಿದ್ದೀರಂತೆ. ಎರಡು ರೂಮಿನದು, ನಾಲ್ಕನೇ ಮಹಡಿ, 48 ಲಕ್ಷ ಹೇಳುತ್ತಿದ್ದಾರೆ, ಈ ವಾರವೇ ಟೋಕನ್ ಕೊಡಬೇಕಂತೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನೀನು ನಮ್ಮ ಮನೆಗೆ ಹತ್ತಿರ ಬರುತ್ತೀಯ ಅಂತ ತುಂಬಾ ಖುಷಿಯಾಯಿತು. ಬಾಡಿಗೆ ಮನೆಗಳನ್ನು ಬದಲಾಯಿಸಿ ನಿನಗೂ ಸಾಕಾಗಿದೆ, ಗೊತ್ತು. ಆದರೆ ‘ಈ ವಾರವೇ’ ಅನ್ನೋ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಮನೆ ಪತ್ರಗಳನ್ನು ನೋಡಿದವಳು ನಾನು. ಅವಸರ ಮಾಡುವವರ ಪತ್ರಗಳನ್ನೇ ನಾವು ಎರಡು ಸಲ ಓದುತ್ತಿದ್ದೆವು.

ಮೊದಲು ಜಾಗದ ವಿಷಯ. ನಾವು ದಾಸರಹಳ್ಳಿಗೆ ಬಂದಾಗ ಇದು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಊರಾಗಿತ್ತು. ನಿಮ್ಮ ದೊಡ್ಡಪ್ಪನೂ ಅವರಲ್ಲಿ ಒಬ್ಬರು. 2007ರಲ್ಲಿ ನಗರಸಭೆ ಹೋಗಿ ಬಿಬಿಎಂಪಿ ಬಂತು. 2014ರಲ್ಲಿ ಪೀಣ್ಯದವರೆಗೆ, ಮರುವರ್ಷ ನಾಗಸಂದ್ರದವರೆಗೆ ಮೆಟ್ರೋ ಓಡಿತು. 2024ರ ನವೆಂಬರ್‌ನಲ್ಲಿ ಅದು ಮಾದಾವರ ಮುಟ್ಟಿತು. ಒಂದೊಂದು ಬಂದಾಗಲೂ ಬೆಲೆ ಏರಿತು. ನಿನಗೆ ಹೇಳಿರುವ 48 ಲಕ್ಷದಲ್ಲಿ ಆ ಏರಿಕೆ ಎಲ್ಲಾ ಸೇರಿಕೊಂಡಿದೆ. ಸರಿ, ಮೆಟ್ರೋ ಕಣ್ಣಿಗೆ ಕಾಣುತ್ತೆ, ಅದಕ್ಕೆ ದುಡ್ಡು ಕೊಡು.

ಆದರೆ ಬ್ರೋಕರ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಚಿಕ್ಕಬಾಣಾವರಕ್ಕೆ ಸಬರ್ಬನ್ ರೈಲು ಬರುತ್ತೆ, ರಿಂಗ್ ರೋಡ್ ಬರುತ್ತೆ, ಆಮೇಲೆ ಈ ರೇಟಿಗೆ ಸಿಗೋದಿಲ್ಲ ಅನ್ನುತ್ತಾನೆ. ರೈಲು ಯೋಜನೆಗೆ ಶಂಕುಸ್ಥಾಪನೆ ಆಗಿದ್ದು 2022ರ ಜೂನ್‌ನಲ್ಲಿ. ಪೆರಿಫೆರಲ್ ರಿಂಗ್ ರೋಡಿಗೆ ಅಂತಿಮ ಅಧಿಸೂಚನೆ ಬಂದಿದ್ದು 2007ರಲ್ಲಿ. ಜಮೀನು ಕೊಡಬೇಕಾದ ರೈತರು ಅಂದಿನಿಂದ ಎಷ್ಟು ಒದ್ದಾಡಿದ್ದಾರೆ ಅಂತ ಈ ಕಡೆಯವರನ್ನು ಕೇಳಿದರೆ ಗೊತ್ತಾಗುತ್ತೆ. ರೈಲು ಬರಲಿ, ರಸ್ತೆ ಬರಲಿ, ನನಗೂ ಬೇಕು. ಆದರೆ ಮುಂದೆ ಬರೋದಕ್ಕೆ ಈಗಲೇ ದುಡ್ಡು ಕೊಡಬೇಡ, ಪುಟ್ಟಿ. ಇವತ್ತು ಏನಿದೆಯೋ ಅದರಲ್ಲೇ ನೆಮ್ಮದಿಯಾಗಿ ಇರಬಹುದಾ ಅಂತ ಮಾತ್ರ ನೋಡು. ಸಂಜೆ ಆರೂವರೆಗೆ ಎಂಟನೇ ಮೈಲಿಯಲ್ಲಿ ಇಳಿದು ಹೆಸರಘಟ್ಟ ರಸ್ತೆಯಲ್ಲಿ ಆ ಮನೆಯವರೆಗೆ ಹೋಗಿ ನೋಡು. ಜೋರು ಮಳೆ ಬಂದ ಮಾರನೇ ದಿನವೂ ಒಮ್ಮೆ ಹೋಗು.

ಪತ್ರಗಳಲ್ಲೂ ಇದೇ ‘ಮುಂದೆ ಆಗುತ್ತೆ’ ಅನ್ನೋ ರಾಗ ಇರುತ್ತೆ. ಖಾತೆ ಅಂದರೆ ಪಾಲಿಕೆಯ ಆಸ್ತಿ ದಾಖಲೆ. ಎಲ್ಲಾ ನಿಯಮದ ಪ್ರಕಾರ ಇದ್ದರೆ ಎ ಖಾತೆ, ಕೊರತೆ ಇದ್ದರೆ ಬಿ ಖಾತೆ. ಬಿ ಖಾತೆ ಇದ್ದರೆ ‘ಸದ್ಯದಲ್ಲೇ ಎ ಖಾತೆ ಆಗುತ್ತೆ’ ಅನ್ನುತ್ತಾರೆ. ಆಗೋದಾದರೆ ಅವರೇ ಮಾಡಿಸಿಕೊಂಡು ಬರಲಿ, ಆಮೇಲೆ ವ್ಯಾಪಾರ ಮಾತಾಡೋಣ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾದ ಮಾತ್ರಕ್ಕೆ ಮನೆಯ ಖಾತೆ ಬದಲಾಗೋದಿಲ್ಲ. ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ಬರುವ ಖಾತೆ, ಇಲ್ಲದೆ ರಿಜಿಸ್ಟ್ರೇಶನ್ ಆಗೋದಿಲ್ಲ, ಹಾಗಾಗಿ ಅದರ ಪ್ರತಿ ಇವತ್ತೇ ಕೇಳು. ಮಾರುವವರ ಹೆಸರು, ಅಳತೆ, ಎ ಖಾತೆಯೋ ಬಿ ಖಾತೆಯೋ ಎಲ್ಲಾ ಅದರಲ್ಲೇ ಇರುತ್ತೆ.

ನನಗೆ ಜಾಸ್ತಿ ಚಿಂತೆ ಇರೋದು ಆ ನಾಲ್ಕನೇ ಮಹಡಿಯದು. ನಲವತ್ತು ಅರವತ್ತರ ಸೈಟಿನಲ್ಲಿ ಕಟ್ಟಿದ್ದು ಅಂತ ನಿಮ್ಮಮ್ಮ ಹೇಳಿದಳು. ನಮ್ಮ ಕಡೆ ಪ್ಲ್ಯಾನ್ ಸ್ಯಾಂಕ್ಷನ್ ಆಗೋದು ಒಂದು, ಕಟ್ಟೋದು ಒಂದು. ಪ್ಲ್ಯಾನಿನಲ್ಲಿ ಮೂರು ಮಹಡಿ ಇದ್ದು, ಅದರ ಮೇಲೆ ಇನ್ನೊಂದು ಎದ್ದಿದ್ದರೆ ನೀನು ಕೊಳ್ಳುತ್ತಿರುವ ಮನೆ ಕಾಗದದ ಮೇಲೆ ಇಲ್ಲವೇ ಇಲ್ಲ. ‘ಅಕ್ರಮ-ಸಕ್ರಮದಲ್ಲಿ ಸರಿ ಹೋಗುತ್ತೆ’ ಅಂದರೆ ನಂಬಬೇಡ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. ಸ್ಯಾಂಕ್ಷನ್ ಆದ ಪ್ಲ್ಯಾನನ್ನು ಕೈಯಲ್ಲಿ ಹಿಡಿದು, ಕಟ್ಟಡದ ಮುಂದೆ ನಿಂತು ಮಹಡಿ ಎಣಿಸು. ಓಸಿ ಕೇಳು, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. ಮನೆ ಕೊಳ್ಳುವವರನ್ನು ಕಾಯೋಕೆ ರೇರಾ ಕಾನೂನು ಇದೆಯಲ್ಲ ದೊಡ್ಡಮ್ಮ ಅನ್ನಬಹುದು ನೀನು. 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದ್ದು ರೇರಾ ನೋಂದಣಿಗೆ ಬರೋದಿಲ್ಲ, ನಲವತ್ತು ಅರವತ್ತು ಅಡಿಯ ಸೈಟು ಅದರ ಅರ್ಧವೂ ಆಗೋದಿಲ್ಲ. ಇಂಥ ಸಣ್ಣ ಕಟ್ಟಡಗಳಲ್ಲಿ ನಮ್ಮ ಎಚ್ಚರವೇ ನಮಗೆ ದಿಕ್ಕು. ಸೈಟಿನಲ್ಲಿ ನಿನ್ನ ಪಾಲಿಗೆ ಎಷ್ಟು ಚದರಡಿ ನೆಲ ಬರುತ್ತೆ ಅಂತ ಕ್ರಯಪತ್ರದಲ್ಲಿ ನೋಡು. ಕಟ್ಟಡ ಹಳೆಯದಾಗುತ್ತಾ ಹೋಗುತ್ತೆ, ಬೆಲೆ ಉಳಿಯೋದು ಆ ನೆಲಕ್ಕೆ. ಸರ್ವೆ ನಂಬರ್ ಸಿಕ್ಕರೆ ಅಳಿಯಂದಿರಿಗೆ ಹೇಳಿ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಹಾಕಿಸು. ಪಕ್ಕದಲ್ಲಿ ರಾಜಕಾಲುವೆ, ಕೆರೆ, ಖರಾಬು (ಸಾಗುವಳಿಗೆ ಬಾರದು ಅಂತ ದಾಖಲೆಯಲ್ಲಿ ಬಿಟ್ಟ ಜಾಗ) ಇದೆಯಾ ಅಂತ ಗೊತ್ತಾಗುತ್ತೆ.

ನೀರಿನ ವಿಚಾರವನ್ನು ಮಾರುವವರನ್ನು ಕೇಳಬೇಡ, ಅದೇ ಕಟ್ಟಡದ ಹೆಂಗಸರನ್ನು ಕೇಳು. ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತೆ? 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿದಾಗ ಇವರು ಎಷ್ಟು ಟ್ಯಾಂಕರ್ ತರಿಸಿದರು? ಮೇಂಟೆನೆನ್ಸ್ ಲೆಕ್ಕದ ಪುಸ್ತಕ ಇದ್ದರೆ ಮಾರ್ಚ್, ಏಪ್ರಿಲ್ ಪುಟ ತಿರುವಿ ಹಾಕು. ಇನ್ನೊಂದು ಮಾತು. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರೋದು ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಕುದಿಸಿದರೆ ಅದು ಹೋಗೋದಿಲ್ಲ. ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟು, ಕ್ರೋಮಿಯಂ ನೋಡಿ ಎಂದು ಹೇಳಿಯೇ ಪರೀಕ್ಷೆ ಮಾಡಿಸು. ಮನೆಯಲ್ಲಿ ಸಣ್ಣ ಮಗು ಇದೆ, ಇದೊಂದನ್ನು ಬಿಡಬೇಡ.

ಇನ್ನು ದುಡ್ಡು. 48 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80 ಕೊಡುತ್ತೆ, ಅಂದರೆ 38.4 ಲಕ್ಷ. ಉಳಿದ 9.6 ಲಕ್ಷ ನಿಮ್ಮದು. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್, ರಿಜಿಸ್ಟ್ರೇಶನ್ ಶುಲ್ಕ. 2025ರ ಆಗಸ್ಟ್ ಕೊನೆಗೆ ರಿಜಿಸ್ಟ್ರೇಶನ್ ಶುಲ್ಕ ಶೇ. 1ರಿಂದ 2ಕ್ಕೆ ಏರಿದ ಮೇಲೆ ಎಲ್ಲಾ ಸೇರಿ ಶೇ. 7.6 ಆಗುತ್ತೆ. ನಿಮಗೆ 3.6 ಲಕ್ಷ ದಾಟುತ್ತೆ, ಇದಕ್ಕೆ ಬ್ಯಾಂಕು ಸಾಲ ಕೊಡೋದಿಲ್ಲ. ಕೈಯಲ್ಲಿ 13 ಲಕ್ಷದ ಮೇಲೆ ಇರಲೇಬೇಕು. ಶೇ. 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ 33,300 ರೂಪಾಯಿ. ಇಬ್ಬರಲ್ಲಿ ಒಬ್ಬರ ಸಂಬಳದಲ್ಲಿ ಇದನ್ನು ನಿಭಾಯಿಸೋಕೆ ಆಗುತ್ತೆ ಅಂದರೆ ಮುಂದುವರಿ. ಇಲ್ಲವಾದರೆ ಇನ್ನೂ ಕಡಿಮೆಯದು ಹುಡುಕೋಣ, ಅದರಲ್ಲಿ ನಾಚಿಕೆ ಏನಿಲ್ಲ. ಒಡವೆ ಅಡ ಇಡೋದು ಬೇಡ. ಸ್ವಲ್ಪ ಕ್ಯಾಷ್ ಕೊಡಿ, ಕಡಿಮೆಗೆ ರಿಜಿಸ್ಟರ್ ಮಾಡಿಸೋಣ ಅಂದರೆ ಒಪ್ಪಲೇಬೇಡ.

ಕೊನೆಗೆ, ನಿಮ್ಮಮ್ಮ ಹೇಳುತ್ತಾ ಹೇಳುತ್ತಾ ದಾಟಿಸಿಬಿಟ್ಟ ಮಾತು ಒಂದಿದೆ. ಆ ಮನೆಯಲ್ಲಿ ಈಗ ಲೀಸಿಗೆ ಒಂದು ಸಂಸಾರ ಇದೆಯಂತೆ, ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸಿಗೆ ಹೋಗುತ್ತಾರಂತೆ. ಓನರ್‌ಗೆ 8 ಲಕ್ಷ ಕೊಟ್ಟಿದ್ದಾರಂತೆ. ಲೀಸು ಅಂದರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಆ ದುಡ್ಡು ಪೂರ್ತಿ ವಾಪಸ್ ಕೊಡಬೇಕು. ಇದು ಇಸಿಯಲ್ಲಿ, ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ಕಾಣೋದಿಲ್ಲ, ಪುಟ್ಟಿ. ಇಸಿಯಲ್ಲಿ ಬರೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಈ ಲೀಸುಗಳು ಸಾಮಾನ್ಯವಾಗಿ ಬರೀ ಛಾಪಾ ಕಾಗದದಲ್ಲಿ ಇರುತ್ತವೆ. ಓನರ್ ಆ ದುಡ್ಡನ್ನು ಎಲ್ಲೋ ಹಾಕಿ ಕೂತಿರುತ್ತಾನೆ. ನಿನ್ನ ದುಡ್ಡು ಬಂದ ಮೇಲೆ ಕೊಡುತ್ತೇನೆ ಅನ್ನುತ್ತಾನೆ, ಆಮೇಲೆ ಕೊಡದೇ ಹೋದರೆ? ಅವರು ಮನೆ ಖಾಲಿ ಮಾಡೋದಿಲ್ಲ, ಮಾಡಲೂಬಾರದು. ಅದು ಅವರ ದುಡಿಮೆಯ ಉಳಿತಾಯ ಎಲ್ಲಾ ಸೇರಿದ ದುಡ್ಡು. ಊರಿನ ರೇಟು ಏರುತ್ತಾ ಹೋದ ಹಾಗೆ ಇಂಥವರೇ ಮೊದಲು ಜಾಗ ಬಿಡಬೇಕಾಗುತ್ತೆ. ನಾವು ಮನೆ ಮಾಡಿಕೊಳ್ಳುವುದು ಅವರ ಕಣ್ಣೀರಿನ ಮೇಲೆ ಆಗಬಾರದು.

ಅದಕ್ಕೆ ದಾರಿ ಇದೆ. ನೀವು ಕೈಯಿಂದ ಹಾಕುವ 9.6 ಲಕ್ಷದಲ್ಲಿ 8 ಲಕ್ಷ ನೇರವಾಗಿ ಆ ಸಂಸಾರದ ಹೆಸರಿಗೆ ಡಿಡಿ ಆಗಲಿ. ಅದನ್ನು ಕ್ರಯದ ಹಣದ ಭಾಗ ಅಂತ ಸೇಲ್ ಅಗ್ರಿಮೆಂಟಿನಲ್ಲೇ ಬರೆಸಬೇಕು, ಓನರ್ ಜೊತೆ ಅವರೂ ಸಹಿ ಹಾಕಬೇಕು. ರಿಜಿಸ್ಟ್ರೇಶನ್ ದಿನ ಅವರು ಬೀಗದ ಕೈ ಕೊಡುವಾಗ ಡಿಡಿ ಅವರ ಕೈಗೆ ಹೋಗಬೇಕು. ಬೇರೆ ಮನೆ ಹುಡುಕಿಕೊಳ್ಳಲು ಅವರಿಗೆ ಎರಡು ತಿಂಗಳು ಟೈಮ್ ಕೊಡು. ನೀನೇ ಹೋಗಿ ಆಕೆಯ ಹತ್ತಿರ ಕೂತು ಮಾತಾಡು. ಬ್ರೋಕರ್ ಬಾಯಲ್ಲಿ ಹೇಳಿಸಬೇಡ. ಇದಕ್ಕೆ ಓನರ್ ಒಪ್ಪದಿದ್ದರೆ ಈ ಮನೆ ಬಿಟ್ಟುಬಿಡು. ಮಿಕ್ಕಿದ್ದೆಲ್ಲಾ ಸರಿ ಇದ್ದರೂ ನಾನು ಇದೇ ಹೇಳೋದು.

ಭಾನುವಾರ ಬೆಳಿಗ್ಗೆ ಅಳಿಯಂದಿರನ್ನೂ ಮಗುವನ್ನೂ ಕರೆದುಕೊಂಡು ಬಾ. ಮೂಲಪತ್ರ, ಪ್ಲ್ಯಾನ್, ಇ-ಖಾತೆ, 30 ವರ್ಷದ ಇಸಿ, ಕಟ್ಟಿದ ಕಂದಾಯದ ರಸೀದಿ ಇವುಗಳ ಜೆರಾಕ್ಸ್ ತರಬೇಕು. ನಮಗೆ ಗೊತ್ತಿರುವ ವಕೀಲರೊಬ್ಬರಿಗೆ ಹೇಳಿಟ್ಟಿದ್ದೇನೆ, ಸೋಮವಾರ ತೋರಿಸೋಣ. ಅಲ್ಲಿಯವರೆಗೆ ಬ್ರೋಕರ್ ಫೋನ್ ಮಾಡಿದರೆ ‘ನಮ್ಮ ದೊಡ್ಡಮ್ಮ ಪತ್ರ ನೋಡಬೇಕಂತೆ’ ಅನ್ನು. ಊಟಕ್ಕೆ ಇಲ್ಲೇ ಇರಬೇಕು.

ಇಂತಿ ನಿನ್ನ,
ದೊಡ್ಡಮ್ಮ