ಎರಡನೇ ಕಸುಬು ಬಿಡಬೇಡ, ಪುಟ್ಟೀ

ಪುಟ್ಟೀ,

ನಿಮ್ಮಪ್ಪ ಫೋನಿನಲ್ಲಿ ನಿನ್ನ ಮೇಲೆ ದೊಡ್ಡ ದೂರು ಹೇಳಿದ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಕೈಯಲ್ಲಿದ್ದೂ ಶನಿವಾರ ಭಾನುವಾರ ಜಾಹೀರಾತಿಗೆ ದನಿ ಕೊಡಲು ಹೋಗುತ್ತೀಯಂತೆ, ಈಗ ಚಳ್ಳಕೆರೆಯಿಂದ ಗಾಣದ ಶೇಂಗಾ ಎಣ್ಣೆ ತರಿಸಿ ಅಪಾರ್ಟ್‌ಮೆಂಟಿನವರಿಗೆ ಮಾರುವ ಯೋಚನೆ ಬೇರೆ. "ಎರಡು ದೋಣಿ ಮೇಲೆ ಕಾಲಿಡಬೇಡ ಅಂತ ನೀನಾದರೂ ಬುದ್ಧಿ ಹೇಳು" ಅಂದ. ಹೇಳುತ್ತೇನೆ, ಅವನಿಗೆ ಬೇಕಾದ ಬುದ್ಧಿ ಅಲ್ಲ ಅಷ್ಟೇ.

ದಾವಣಗೆರೆಯಲ್ಲಿ ಬೆಳೆದವನು ಹೀಗೆ ಮಾತಾಡಬಾರದು. ಇಲ್ಲಿನ ಬಟ್ಟೆ ಮಿಲ್ಲುಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲಿನ ಕೆಲಸ ಅಂದರೆ ಕಣ್ಣುಮುಚ್ಚಿ ಹೆಣ್ಣು ಕೊಡುತ್ತಿದ್ದರು. ಆಮೇಲೆ ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ನಾನು ಅಂಥದ್ದೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ, ಸಂಜೆ ಎಪಿಎಂಸಿ ಮಾರುಕಟ್ಟೆಯ ಮೆಣಸಿನಕಾಯಿ ದಲ್ಲಾಳಿ ಅಂಗಡಿಗಳಲ್ಲಿ ಕಿರ್ದಿ, ಅಂದರೆ ದಿನದ ಲೆಕ್ಕ ಬರೆಯುತ್ತಿದ್ದೆ. ಆಫೀಸಿನವನಿಗೆ ಮೆಣಸಿನಕಾಯಿ ಘಾಟು ಯಾಕೆ ಬೇಕು ಅಂತ ಜನ ನಗುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಆ ಘಾಟೇ ಅನ್ನ ಹಾಕಿತು. ಕೆಲಸದಲ್ಲಿ ನನಗಿಂತ ಎಷ್ಟೋ ಜಾಣರಾಗಿದ್ದ ಮಗ್ಗದವರು, ಸದ್ದು ಕೇಳಿಯೇ ಮಗ್ಗದ ಕಾಯಿಲೆ ಹೇಳುತ್ತಿದ್ದವರು, ಬಾಕಿ ಹಣಕ್ಕಾಗಿ ಕೋರ್ಟು ಅಲೆದು ಅಲೆದು ಕೊನೆಗೆ ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗೆ ನಿಂತರು. ಅವರದೇನೂ ತಪ್ಪಿಲ್ಲ, ಒಂದೇ ಕೆಲಸವನ್ನು ನಂಬು ಅಂತ ಹೇಳಿಕೊಟ್ಟಿದ್ದೇ ನಾವೆಲ್ಲ ಅಲ್ವಾ.

ಊರು ಮಾತ್ರ ಜಾಣತನ ಮಾಡಿತ್ತು. ಮಿಲ್ಲಿನ ಸೈರನ್ ಕೂಗುತ್ತಿದ್ದಾಗಲೇ 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದವು. ಇವತ್ತು ಕಾಲೇಜು, ಹಾಸ್ಟೆಲ್ಲು, ಮೆಕ್ಕೆಜೋಳದ ವ್ಯಾಪಾರ ಇವೇ ಊರನ್ನು ನಡೆಸುತ್ತಿವೆ. ಮೊದಲನೆಯದು ಚೆನ್ನಾಗಿ ನಡೆಯುವಾಗಲೇ ಎರಡನೆಯದಕ್ಕೆ ಕೈ ಹಾಕಬೇಕು, ಕೆಲಸ ಹೋದ ಮೇಲೆ ಕಲಿಯುವುದಕ್ಕೆ ಹೊಟ್ಟೆ ಬಿಡಲ್ಲ.

ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆದು, ಕಥೆ ಬರೆದು, ಹಕ್ಕಿಗಳ ಫೋಟೋ ತೆಗೆದು ಎಲ್ಲದರಲ್ಲೂ ಸೈ ಅನಿಸಿಕೊಂಡರು. ಇದನ್ನು ನಿಮ್ಮಪ್ಪನಿಗೆ ಹೇಳಬೇಡ, "ಅವರು ಕುವೆಂಪು ಮಗ, ನೀನು ನನ್ನ ಮಗಳು" ಅಂತಾನೆ.

ಆದರೆ ನಿನ್ನ ಮೂರು ಕಸುಬಿಗೂ ಒಂದೇ ಸಮ ಜಾಗ ಕೊಡಬೇಡ. ನಿಮ್ಮಜ್ಜ ಶೇಂಗಾ ಹೊಲದಲ್ಲಿ ಇಷ್ಟು ಸಾಲಿಗೊಂದು ಅಂತ ತೊಗರಿಯ ಅಕ್ಕಡಿ, ಅಂದರೆ ನಡುಬೆಳೆ ಹಾಕುತ್ತಿದ್ದ. ಮಳೆ ನಡುವೆ ಕೈಕೊಟ್ಟರೆ ಶೇಂಗಾ ಬಾಡುತ್ತದೆ, ಬೇರು ಆಳಕ್ಕಿಳಿದ ತೊಗರಿ ತಡೆಯುತ್ತದೆ, ಶೇಂಗಾ ಕಿತ್ತ ಮೇಲೂ ನಿಂತಿರುತ್ತದೆ. ಹಾಗಂತ ತೊಗರಿ ಜಾಸ್ತಿಯಾದರೆ ಶೇಂಗಾಕ್ಕೆ ನೆರಳು. ಸದ್ಯಕ್ಕೆ ಟೆಸ್ಟಿಂಗ್ ನಿನ್ನ ಶೇಂಗಾ, ದನಿ ಅಕ್ಕಡಿ. ಈಗ ಯಂತ್ರ ಟೆಸ್ಟಿಂಗೂ ಮಾಡುತ್ತದೆ, ದನಿಯನ್ನೂ ಕೊಡುತ್ತದೆ, ಯಾವುದು ಮೊದಲು ಸಪ್ಪಗಾಗುತ್ತದೋ ಯಾರಿಗೆ ಗೊತ್ತು. ಎಣ್ಣೆಯನ್ನು ಮಾತ್ರ ಸ್ವಲ್ಪ ತಡಿ. ಅದು ದುಡ್ಡು ಕಟ್ಟಿಹಾಕುವ ವ್ಯಾಪಾರ, ಸಾಲ ಕೇಳುವ ಗಿರಾಕಿಗೆ ಇಲ್ಲ ಅನ್ನುವುದು ನಿನಗಿನ್ನೂ ಬರಲ್ಲ. ಬೇಕಾದರೆ ಮೊದಲು ನಾಲ್ಕು ಮನೆಗೆ ಕೊಟ್ಟು ನೋಡು.

ಇನ್ನು ಲೆಕ್ಕದವನ ಮಾತು, ಬೇಜಾರಾದರೂ ಓದು. ಕಂಪನಿಯ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸ ಮಾಡುವ ಬಗ್ಗೆ ಏನಿದೆ ನೋಡು. 2022ರಲ್ಲಿ ವಿಪ್ರೋ 300 ಜನರನ್ನು ಮನೆಗೆ ಕಳಿಸಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ಕೆಲಸದಲ್ಲಿದ್ದುಕೊಂಡೇ ಪ್ರತಿಸ್ಪರ್ಧಿ ಕಂಪನಿಗೆ ದುಡಿದರು ಅಂತ. ನಿನ್ನದು ಹಾಗಲ್ಲ, ಆದರೂ ಕದ್ದು ಮಾಡಬೇಡ, ಲಿಖಿತ ಒಪ್ಪಿಗೆ ತಗೋ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮುಟ್ಟಲೇಬೇಡ. ದನಿ ಕೊಟ್ಟ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಮಾಡು. ದುಡ್ಡು ಕೊಡುವವರೇ ಮೊದಲು ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಅದು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನಿನ್ನ ಖಾತೆಯಲ್ಲಿ ಕಾಣುತ್ತದೆ. ಬರೀ ಸಂಬಳದವರು ಹಾಕುವ ತೆರಿಗೆ ಫಾರ್ಮ್ ಐಟಿಆರ್-1 ಇನ್ನು ನಿನಗೆ ನಡೆಯಲ್ಲ, ಸುಮ್ನೆ ಹಳೇ ಫಾರ್ಮೇ ತುಂಬಿ ನೋಟಿಸ್ ತರಿಸಿಕೊಳ್ಳಬೇಡ. ಎಣ್ಣೆಗೆ ಕೈ ಹಾಕುವ ಮೊದಲು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಬೇಕು. ರಾಜ್ಯದೊಳಗೆ ನೀನೇ ನೇರವಾಗಿ ಮಾರುತ್ತಿದ್ದು, ವರ್ಷದ ಒಟ್ಟು ವಹಿವಾಟು 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ತಲೆನೋವು ಇಲ್ಲ.

ನೇಮಕಾತಿ ಪತ್ರದ ಆ ಪುಟದ ಫೋಟೋ ತೆಗೆದು ಕಳಿಸು, ಓದಿ ಹೇಳುತ್ತೇನೆ. ನಿಮ್ಮಪ್ಪನನ್ನು ನನಗೆ ಬಿಡು.

ನಿನ್ನ ದೊಡ್ಡಪ್ಪ