ಮರವಂತೆಯವರಿಗೆಲ್ಲ ಒಂದು ಮಾತು

ಮೊನ್ನೆ ಕರ್ಕಾಟಕ ಅಮಾವಾಸ್ಯೆ ಜಾತ್ರೆಗೆ ನಡೆದುಕೊಂಡೇ ಹೋದೆ. ಕೈಯಲ್ಲಿ ಊರುಗೋಲಿತ್ತು, ಸರಿ. ಆದರೂ ನಡೆದೇ ಹೋದದ್ದು. ಹೋದ ವರ್ಷದ ಜಾತ್ರೆಯನ್ನು ಆಸ್ಪತ್ರೆ ಮಂಚದ ಮೇಲೆ ಮಲಗಿ ಫೋನಿನಲ್ಲಿ ನೋಡಿದ್ದೆ. ಈ ಸಲ ವರಾಹಸ್ವಾಮಿಗೆ ಕೈ ಮುಗಿದು ಹೊರಗೆ ಬಂದರೆ ಒಬ್ಬೊಬ್ಬರೇ ಬಂದು ಮಾತಾಡಿಸಿದಿರಿ. ನನಗೆ ಗಂಟಲು ಕಟ್ಟಿತು. ಹೇಳಬೇಕಾದದ್ದು ಒಂದೂ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಬರಹ. ನಾನು ಹೇಳ್ತಾ ಇದ್ದೇನೆ, ಮಗಳು ಟೈಪ್ ಮಾಡ್ತಾ ಇದ್ದಾಳೆ.

ದೋಣಿ ಹೇಗೆ ಮಗುಚಿತು, ಬ್ರೇಕ್‌ವಾಟರ್ ಕಲ್ಲಿಗೂ ದೋಣಿಗೂ ನಡುವೆ ನಾನು ಹೇಗೆ ಸಿಕ್ಕಿಕೊಂಡೆ ಅನ್ನುವುದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಬಿಡಿ.

ಆವತ್ತು ಹಿಂದೆಮುಂದೆ ನೋಡದೆ ನೀರಿಗೆ ಹಾರಿದವರು, ಓಮ್ನಿಯಲ್ಲಿ ಕುಂದಾಪುರಕ್ಕೆ ಮುಟ್ಟಿಸಿದವರು, ಆಸ್ಪತ್ರೆಯ ಡಾಕ್ಟರು, ನರ್ಸಮ್ಮಂದಿರು, ಮೀನು ಮಾರಿದ ದುಡ್ಡಿನಲ್ಲಿ ನೂರು ಇನ್ನೂರು ತೆಗೆದು ನನ್ನ ಹೆಂಡತಿಯ ಸೆರಗಿಗೆ ಕಟ್ಟಿದ ಅಕ್ಕಂದಿರು, ನಾನು ದೋಣಿ ಹತ್ತದಿದ್ದರೂ ಮಳೆಗಾಲ ಮುಗಿಯುವ ತನಕ ನಮ್ಮ ಮನೆಗೆ ಒಂದು ಪಾಲು ಎತ್ತಿಟ್ಟ ನಮ್ಮ ಮಾಟುಬಲೆ ದೋಣಿಯ ತಂಡ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಭಾವ. ಹೆಸರು ಹಾಕಿದರೆ ಮನೆಗೆ ಬರುವುದಿಲ್ಲ ಅಂದಿದ್ದಾನೆ. ನನಗಿಂತ ಆರೇ ತಿಂಗಳಿಗೆ ದೊಡ್ಡವನು, ಹಾಗಾಗಿ ಅವನು ಅಂತಲೇ ಬರೆಸುತ್ತೇನೆ.

1986ರಲ್ಲಿ ನಾವಿಬ್ಬರೂ ಒಟ್ಟಿಗೆ ಹಗ್ಗ ಹಿಡಿದವರು. ಆಗ ನನಗೆ 16. ದೊಡ್ಡ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಅದರ ಕಾಲ ಮುಗಿದೇ ಹೋಗಿತ್ತು. ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತುವ ಪರ್ಸಿನ್ ಬೋಟು ಬಂದ ಮೇಲೆ ದಡದಲ್ಲಿ ನಿಂತು ಎಳೆಯುವವರಿಗೆ ಬಂಗುಡೆ ಎಲ್ಲಿ ಉಳಿಯುತ್ತೆ? ಚಿಕ್ಕ ಬಲೆಯ ಕೈರಂಪಣಿ ಇತ್ತು. ಹುಡುಗರು ಅಂತ ನಮಗೆ ಅರ್ಧರ್ಧ ಪಾಲು. ಇಬ್ಬರು ಸೇರಿದರೆ ಒಂದು ಆಳು ಅಂತ ಹಿರಿಯರು ನಗಾಡುತ್ತಿದ್ದರು. ಆಮೇಲೆ ನಾಡದೋಣಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟುಗಳಿಗೆ ರಜೆ ಅಲ್ವಾ, ನಮಗೆ ಅದೇ ಸುಗ್ಗಿ. ಒಂದು ತೂಫಾನು ಎದ್ದು ಕಡಲು ಕಲಕಿ ತಣಿಯಲಿ ಅಂತ ಕಾಯುವುದು, ತಣಿದ ಕೂಡಲೇ ಸಿಗಡಿ ಹುಡುಕಿ ಹೊರಡುವುದು. ಎಂಜಿನ್ ಹತ್ತಿರ ಅವನು, ಬಲೆ ಹತ್ತಿರ ನಾನು. ಹೀಗೇ ಎಷ್ಟೋ ಮಳೆಗಾಲ.

ಅಪಘಾತಕ್ಕೆ ಎರಡು ವರ್ಷ ಮುಂಚೆ ನಮ್ಮಿಬ್ಬರಿಗೆ ಮಾತು ನಿಂತಿತ್ತು. ದೋಣಿಯ ಲೆಕ್ಕ ಬರೆಯುತ್ತಿದ್ದವನು ನಾನು. ಎಂಜಿನ್ನಿನ ಸೀಮೆಎಣ್ಣೆ ಖರ್ಚು ಜಾಸ್ತಿ ಕಾಣುತ್ತೆ ಅಂತ ಅವನು ಕೇಳಿದ. ಕೇಳಿದ್ದಷ್ಟೇ. ದಡದಲ್ಲಿ ಮೂವತ್ತು ಜನರ ಎದುರು ನಾನು ಆಡಬಾರದ ಮಾತು ಆಡಿದೆ. ಅವನು ಬೇರೆ ದೋಣಿಗೆ ಹೋದ.

ಅಪಘಾತ ಆದ ರಾತ್ರಿ ಆಸ್ಪತ್ರೆಯಲ್ಲಿ ಒಬ್ಬರೇ ಉಳಿಯಬೇಕು ಅಂದರಂತೆ. ಕಣ್ಣು ಬಿಟ್ಟರೆ ಸ್ಟೂಲಿನ ಮೇಲೆ ಇವನು. ಒದ್ದೆ ಚಡ್ಡಿ, ಮೈಮೇಲೆ ಯಾರದೋ ಬೈರಾಸು, ಸೀಮೆಎಣ್ಣೆ ವಾಸನೆ. ನನಗೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಜಗಳದ ಸುದ್ದಿ ಅವನು ಎತ್ತಲಿಲ್ಲ. ಎದ್ದು ಕಾಲ ಬುಡಕ್ಕೆ ಹೋಗಿ, ಹೊದಿಕೆ ಸರಿಸಿ, "ಬೆರಳ್ ಆಡ್ಸ್ ಕಾಂಬ" ಅಂದ. ಹಲ್ಲು ಕಚ್ಚಿ ನೋಡಿದೆ. ಬಗ್ಗಿ ನೋಡಿ, "ಆಡ್ತ್, ಕಾಣ್" ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅದೇ. ಬೆಳಗಿನ ತನಕ ಎಷ್ಟು ಸಲವೋ. ಪ್ರತಿ ಸಲ "ಆಡ್ತ್" ಅಂದ. ಅದೊಂದು ಮಾತು ಹಿಡಿದುಕೊಂಡು ನಾನು ಬೆಳಗು ಕಂಡೆ.

ನಡುವೆ ಒಮ್ಮೆ ಜೋರಾಗಿ ಅತ್ತೆ. ಸುವರ್ಣ ತ್ರಿಭುಜ ಬೋಟಿನ ನೆನಪು ಬಂದಿತ್ತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಆ ಬೋಟಿನ ಏಳು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಮರುವರ್ಷ ನೌಕಾಪಡೆಗೆ ಸಿಕ್ಕಿದ್ದು ಬೋಟಿನ ಅವಶೇಷ ಮಾತ್ರ. ಆ ಮನೆಯವರಿಗೆ ಕೂತು ಕಾಯಲಿಕ್ಕೆ ಒಂದು ಮಂಚ ಕೂಡ ಇರಲಿಲ್ಲ. ಕಾಲಿಲ್ಲದೆ ಮನೆಗೆ ಹೋಗುವುದಕ್ಕಿಂತ ಅವರ ಹಾಗೆ ಕಡಲಲ್ಲೇ ಹೋಗಿದ್ದರೆ ಆಗುತ್ತಿತ್ತು ಅಂದುಬಿಟ್ಟೆ. "ಸುಮ್ಕಿರ್" ಅಂದ. ಅಷ್ಟೇ. ಅವನ ದನಿಯೂ ಸರಿ ಇರಲಿಲ್ಲ.

ನನಗೆ ಸ್ವಲ್ಪ ನಡೆಯಲಿಕ್ಕೆ ಬಂದ ಮೇಲೆ ಒಂದು ದಿನ ಅವನೇ ಹೇಳಿದ, "ಅವತ್ತ್ ಎಂತದೂ ಆಡ್ಲಿಲ್ಲ ಮಾರಾಯ." ಬೆರಳು ನಿಜವಾಗಿ ಆಡಿದ್ದು ಹನ್ನೊಂದು ದಿನ ಕಳೆದು.

ಇನ್ನು ನನಗೆ ಕಡಲಿಲ್ಲ. 38 ಮಳೆಗಾಲ ಆಯಿತು, ಸಾಕು. ಈ ವರ್ಷ ನನ್ನ ಜಾಗದಲ್ಲಿ ತಮ್ಮನ ಮಗ ಹೋಗುತ್ತಿದ್ದಾನೆ. ನಾನು ದಡದಲ್ಲಿ ಕೂತು ಹರಿದ ಬಲೆ ಹೊಲಿಯುತ್ತೇನೆ. ಬೆಳಿಗ್ಗೆ ಎಂಜಿನ್ ಶಬ್ದ ದೂರ ಹೋಗುವಾಗ ಮಾತ್ರ ಸ್ವಲ್ಪ ಕಷ್ಟ.

ಪುರುಸೊತ್ತು ಜಾಸ್ತಿ ಆಯಿತಲ್ಲ, ಹೋದ ವಾರ ಹಳೆ ಲೆಕ್ಕದ ಪುಸ್ತಕ ತೆಗೆದೆ. ಭಾವ ಕೇಳಿದ್ದು ಸರಿಯೇ ಇತ್ತು. ಎರಡು ಕ್ಯಾನ್ ಸೀಮೆಎಣ್ಣೆಯನ್ನು ಎರಡು ಸಲ ಬರೆದಿದ್ದೆ. ಬೇಕೆಂದು ಮಾಡಿದ್ದಲ್ಲ, ಆದರೆ ತಪ್ಪು ನನ್ನದೇ. ಮೂವತ್ತು ಜನರ ಎದುರು ಬೈದವನು ಒಳಗೆ ಕರೆದು ಕಿವಿಯಲ್ಲಿ ತಪ್ಪಾಯಿತು ಅನ್ನುವುದು ಸರಿಯಲ್ಲ. "ಅಪ್ಪ, ಇದನ್ನೂ ಹಾಕಬೇಕಾ?" ಅಂತ ಮಗಳು ಕೇಳ್ತಾ ಇದ್ದಾಳೆ. ಹಾಕು ಅಂದಿದ್ದೇನೆ.

ನೂಲ ಹುಣ್ಣಿಮೆಗೆ ಸಮುದ್ರ ಪೂಜೆ. ಹೇಗೂ ಎಲ್ಲರೂ ದಡಕ್ಕೆ ಬರುತ್ತೀರಿ. ಕಡಲಿಗೆ ಹಾಲು, ಕಾಯಿ ಬಿಟ್ಟಾದ ಮೇಲೆ ನಮ್ಮ ತಂಡದವರು ಐದು ನಿಮಿಷ ನಿಲ್ಲಿ. ಪುಸ್ತಕ ತರುತ್ತೇನೆ, ಆ ದುಡ್ಡೂ ತರುತ್ತೇನೆ. ಪಾಲು ಮಾಡಲಿಕ್ಕೆ ಭಾವನೇ ಕೂರಬೇಕು.